ಉಪ್ಪುನೀರಿನ ಪಾಚಿ

ಮಾರ್ಚ್ 4, ಮಂಗಳವಾರ

ಮೈಯೆಲ್ಲ ಪರಚಿಕೊಳ್ಳುವಂತಾಗಿದೆ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬೆಳಗಿನಿಂದ ಮನೆಯ ಹಾಲ್‌ನಲ್ಲಿ ಬಿದ್ದಿದ್ದೇನೆ. ನಮ್ಮ ಕಟ್ಟಡದ ಲಿಫ್ಟು ಎರಡನೆಯ ಮಹಡಿಯಲ್ಲಿ ನಿಲ್ಲುವಾಗ ಕೀರಲು ಸದ್ದು ಮಾಡುತ್ತದೆ. ಬಾಗಿಲಿನ ರೋಲರ್ ಸವೆದಿದೆ, ಅಷ್ಟೆ. ನಾನಾಗಿದ್ದರೆ ಚಹಾ ಆರುವಷ್ಟರಲ್ಲಿ ಸರಿ ಮಾಡುತ್ತಿದ್ದೆ. ಆದರೆ ಲಿಫ್ಟ್ ಮೆಕ್ಯಾನಿಕ್ ಆದ ನಾನೇ ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು ಕೂತಿದ್ದೇನೆ. ನನ್ನ ಜೊತೆ ಕೆಲಸ ಮಾಡುವವನು, ನಾವೆಲ್ಲ ಬಡಕಲ ಎಂದು ಕರೆಯುವವನು, ನಿನ್ನೆ ನೋಡಲು ಬಂದಿದ್ದ. ಕಂಪನಿಯ ಈ ಡೈರಿಯನ್ನು ಕೈಗಿತ್ತು, "ಏನಾದ್ರೂ ಬರಿ ಮಾರಾಯ, ಇಲ್ದಿದ್ರೆ ಹೆಂಡ್ತಿ ತಲೆ ತಿಂದುಹಾಕ್ತೀಯ" ಎಂದ.

ತಲೆ ತಿನ್ನುವುದಕ್ಕೆ ಅವಳು ಸಿಗಬೇಕಲ್ಲ. ಬೆಳಗ್ಗೆ ಕನ್ನಡಕದ ಅಂಗಡಿಗೆ ಹೋಗುತ್ತಾಳೆ. ಗಾಜು ಉಜ್ಜಿ ಅಳತೆಗೆ ತಂದು ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಸಂಜೆ ಬಂದವಳೇ ಚೀಲವಿಟ್ಟು ಮೀನಿನ ತೊಟ್ಟಿಯ ಮುಂದೆ ನಿಲ್ಲುತ್ತಾಳೆ. ಊಟ ಆಯಿತಾ, ಮಾತ್ರೆ ತಗೊಂಡಿರಾ, ಇಷ್ಟೇ ನನ್ನ ಪಾಲಿನ ಮಾತು. ಮೀನುಗಳ ಪಾಲಿಗೆ ಇದಕ್ಕಿಂತ ಹೆಚ್ಚು ಬೀಳುತ್ತದೆ.

ತೊಟ್ಟಿ ಭಾವನದು, ಎಂದರೆ ಅವಳ ಅಣ್ಣನದು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಂಡು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ಬಿಡುವಿನ ವೇಳೆಯನ್ನೆಲ್ಲ ಈ ಉಪ್ಪುನೀರಿಗೆ ಸುರಿದ ಮನುಷ್ಯ. ಚಳಿಗಾಲದಲ್ಲಿ ತೀರಿಕೊಂಡರು. ಅವರ ಮನೆಯ ಸಾಮಾನನ್ನೆಲ್ಲ ಇವಳು ಯಾರ್ಯಾರಿಗೋ ಕೊಟ್ಟಳು, ಇದನ್ನು ಮಾತ್ರ ತಂದಳು. ಹಾಲಿನ ಒಂದು ಗೋಡೆಯೇ ಹೋಯಿತು. ಒಳಗೆ ಸಮುದ್ರದ ಕಲ್ಲುಗಳು, ಮರಳು, ಜೀವಂತ ಹವಳ, ನಾಲ್ಕಾರು ಮೀನು. ಕೆಳಗಿನ ಕಪಾಟಿನಲ್ಲಿ ಪಂಪು, ಹೀಟರು, ನೀರಿನ ಕೊಳೆಯನ್ನು ನೊರೆ ಮಾಡಿ ಮೇಲೆತ್ತುವ ಸ್ಕಿಮ್ಮರ್ ಎಂಬ ಕೊಳವೆ. ಎಲ್ಲ ಸೇರಿ ದಿನವಿಡೀ ಗುರ್ ಎನ್ನುತ್ತವೆ.

ಭಾವನ ಮನೆಯಲ್ಲಿ ಇದೇ ತೊಟ್ಟಿ ಥಳಥಳ ಎನ್ನುತ್ತಿತ್ತು. ಇಲ್ಲಿ ಕಲ್ಲುಗಳ ಮೇಲೆಲ್ಲ ಹಸಿರು ಪಾಚಿ ಬೆಳೆದು, ಬಾಚದ ಕೂದಲಿನಂತೆ ತೂಗಾಡುತ್ತಿದೆ. ದಿನವೂ ಎದುರಿಗೆ ಕೂತು ನೋಡಬೇಕಾದವನು ನಾನು. ನಾಳೆ ಒಂದು ಕೈ ನೋಡಿಯೇ ಬಿಡುತ್ತೇನೆ.

ಮಾರ್ಚ್ 6, ಗುರುವಾರ

ನೋಡಿದೆ. ಅವಳು ಕೆಲಸಕ್ಕೆ ಹೊರಟ ಕೂಡಲೇ ಅಡುಗೆಮನೆಯ ಎತ್ತರದ ಸ್ಟೂಲನ್ನು ಎಳೆದುಕೊಂಡು, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲುಗಳನ್ನು ತಿಕ್ಕಿದೆ. ತೋಳು ಬಿದ್ದುಹೋಗುವಷ್ಟು ತಿಕ್ಕಿದೆ. ನೀರು ಹಸಿರು ರಾಡಿಯಾಯಿತು. ಹಳದಿ ಮೀನು, ತಟ್ಟೆಯಂತೆ ಚಪ್ಪಟೆಯಾಗಿರುವುದರಿಂದ ನಾನು ಹಳದಿ ತಟ್ಟೆ ಎನ್ನುವ ಮೀನು, ಮೂಲೆ ಸೇರಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿತು. ಸಂಜೆಯ ಹೊತ್ತಿಗೆ ರಾಡಿ ಇಳಿದು ಕಲ್ಲಿನ ಬಣ್ಣ ಕಂಡಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅವಳು ಬಂದಳು, ನೋಡಿದಳು. ಯಾರು ಮುಟ್ಟಿದ್ದು ಎಂದಳು. ಮನೆಯಲ್ಲಿ ಇನ್ಯಾರಿದ್ದಾರೆ? ಅವಳ ಕಣ್ಣು ಸುತ್ತಿಗೆ ಹವಳದ ಮೇಲಿತ್ತು. ಬೆರಳಿನಂಥ ಎಳೆಗಳ ತುದಿ ಸುತ್ತಿಗೆಯ ತಲೆಯಂತೆ ಬಾಗಿರುವುದರಿಂದ ಭಾವ ಅದನ್ನು ಹಾಗೆ ಕರೆಯುತ್ತಿದ್ದರಂತೆ. ಅದು ಎಲ್ಲ ಬೆರಳುಗಳನ್ನೂ ಒಳಗೆಳೆದುಕೊಂಡು ಮುಷ್ಟಿ ಕಟ್ಟಿ ಕೂತಿತ್ತು. ಹೆದರಿಕೊಂಡಿದೆ ಎಂದಳು. ಅಷ್ಟೇ. ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಸೀಗಡಿಯ ಚೌಕ ತೆಗೆದು ಹಾಕಿದಳು, ಆಮೇಲೆ ಇನ್ನೊಂದು.

ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ಬಾಯಿ ಸವೆದುಹೋಗುತ್ತಿತ್ತೇ?

ಮಾರ್ಚ್ 9, ಭಾನುವಾರ

ಹಸಿರು ಮತ್ತೆ ಬಂತು. ತಿಕ್ಕಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎನ್ನಬೇಕೋ ಏನೋ. ತಿಕ್ಕಿದಾಗ ಕಿತ್ತುಬಂದ ಚೂರುಗಳು ಗಾಜಿಗೂ ಪಂಪಿನ ಬಾಯಿಗೂ ಅಂಟಿಕೊಂಡು ಅಲ್ಲೂ ಬೇರೂರಿವೆ.

ಭಾವನಿಗೆ ಸಾಮಾನು ಮಾರುತ್ತಿದ್ದ ಅಂಗಡಿಯವನಿಗೆ ಫೋನ್ ಮಾಡಿ ಕರೆಸಿದೆ. ಮೀನಿನ ಚಿತ್ರವಿರುವ ಅಂಗಿ ತೊಟ್ಟುಕೊಂಡು ತಿರುಗುವ, ಬಾಯಿ ಮುಚ್ಚದ ಆಳು. ಸಮುದ್ರರಾಜ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಹೆಂಡತಿ ಹೊರಗೆ ಹೋಗಿದ್ದಳು. ಅವನು ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಯಾವುದೋ ಹನಿ ಬಿಟ್ಟು, ಕುಲುಕಿ, ಬಣ್ಣ ಹೋಲಿಸಿದ. ನೈಟ್ರೇಟ್ ಇಲ್ಲವೇ ಇಲ್ಲ, ಫಾಸ್ಫೇಟ್ ಕೂಡ ಇಲ್ಲ. ಪಾಚಿಗೆ ಗೊಬ್ಬರವೇ ಈ ಎರಡು. ಗೊಬ್ಬರವಿಲ್ಲದೆ ಇಷ್ಟು ಹುಲುಸಾದ ಬೆಳೆಯೇ ಎಂದು ಕೇಳಿದೆ.

ಅವನು ನಕ್ಕ. ಗೊಬ್ಬರವೆಲ್ಲ ಪಾಚಿಯ ಹೊಟ್ಟೆಗೆ ಹೋಗಿದೆ, ನೀರಿನಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ ಎಂದ. ಬರುವ ದಾರಿ ಎರಡೇ. ಒಂದು ನಲ್ಲಿ ನೀರು, ಇನ್ನೊಂದು ಊಟ. ನಲ್ಲಿ ನೀರನ್ನು ನಾವು ಬಳಸುವುದಿಲ್ಲ, ಶೋಧಿಸಿದ ನೀರಿಗೇ ಉಪ್ಪು ಬೆರೆಸುತ್ತೇವೆ. ಹಾಗಾದರೆ ಊಟ ಎಷ್ಟು ಹಾಕುತ್ತೀರಿ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುತ್ತೇನೆ ಎಂದೆ.

ಹೋಗುವಾಗ ಅವನು ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಂತ. ಮೇಷ್ಟ್ರು ಇದನ್ನು ಹೀಗೆ ನೋಡಿದ್ದರೆ ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ.

ಮಾರ್ಚ್ 13, ಗುರುವಾರ

ಸಿಕ್ಕಿತು. ಲಿಫ್ಟಿನಲ್ಲೂ ಹೀಗೇ. ಎಲ್ಲರೂ ಮೋಟಾರು ಮೋಟಾರು ಎಂದು ಬಡಿದುಕೊಳ್ಳುತ್ತಾರೆ, ದೋಷ ಮಾತ್ರ ಯಾವುದೋ ಸಣ್ಣ ತಂತಿಯಲ್ಲಿರುತ್ತದೆ. ಕೂತಲ್ಲೇ ಕೂತು ಕಣ್ಣಿಟ್ಟು ನೋಡಿದೆ. ಬೆಳಗ್ಗೆ ಹೊರಡುವ ಮುಂಚೆ ಚಿಟಿಕೆ ಚಿಟಿಕೆಯಾಗಿ ಒಣ ಆಹಾರ. ಸಂಜೆ ಬಂದು ಸೀಗಡಿಯ ಚೌಕಗಳು. ಮಲಗುವ ಮುಂಚೆ ಮತ್ತೊಮ್ಮೆ, ನಾನು ನೋಡುತ್ತಿಲ್ಲ ಎಂದುಕೊಂಡು. ಮೀನುಗಳು ತಿಂದು ತಿಂದು ಸಾಕಾಗಿ ಉಗಿಯುತ್ತವೆ. ಉಗಿದದ್ದು ಕಲ್ಲಿನ ಸಂದಿಗೆ ಇಳಿದು ಕೊಳೆಯುತ್ತದೆ. ಅದೇ ಪಾಚಿಯ ಗೊಬ್ಬರ.

ಪಾಚಿ ಬೆಳೆಸುತ್ತಿರುವುದು ನನ್ನ ಹೆಂಡತಿ.

ಒಂದು ವಿಷಯ. ಊಟ ಹಾಕುವಾಗ ಅವಳು ಕೈಯನ್ನು ಮಣಿಕಟ್ಟಿನ ತನಕ ನೀರಿಗೆ ಇಳಿಬಿಡುತ್ತಾಳೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನುಗಳಿವೆ, ಗಂಡ ಹೆಂಡತಿ. ದೊಡ್ಡದು ಹೆಣ್ಣು, ಅವಳ ದರ್ಬಾರು ನೋಡಿ ಯಜಮಾನಿ ಎಂದು ಕರೆಯುತ್ತೇನೆ. ಯಜಮಾನಿ ಬಂದು ಇವಳ ಬೆರಳ ತುದಿಯಿಂದಲೇ ಕಚ್ಚಿ ತಿನ್ನುತ್ತಾಳೆ. ಆಗ ನನ್ನ ಹೆಂಡತಿಯ ಮುಖ ಹೇಗಿರುತ್ತದೆಂದರೆ, ಇರಲಿ, ಅದಕ್ಕೂ ಪಾಚಿಗೂ ಸಂಬಂಧವಿಲ್ಲ.

ನಾಳೆ ಊಟದ ಹೊತ್ತಿಗೆ ಹೇಳುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ಮಾರ್ಚ್ 14, ಶುಕ್ರವಾರ

ಹೇಳಿದೆ. ಸಮುದ್ರರಾಜ ಹೇಳಿದ್ದನ್ನೆಲ್ಲ ಒಂದೊಂದಾಗಿ ವಿವರಿಸಿದೆ. ಅವಳು ತಟ್ಟೆ ನೋಡುತ್ತಾ ಕೇಳಿಸಿಕೊಂಡಳು. ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನ ಬಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ.

"ನೋಡು, ಪಾಚಿಗೆ ಊಟ ಹಾಕ್ತಿರೋದು ನೀನು. ನಿನ್ ಕೈ ನಿಂತ್ರೆ ಅದೂ ನಿಲ್ಲುತ್ತೆ."

ಅವಳು ಎದ್ದಳು. ತಟ್ಟೆ ತೊಳೆದಿಟ್ಟಳು. ಕೈ ಒರೆಸಿಕೊಂಡು, "ಇನ್ಮೇಲೆ ನೀವೇ ನೋಡ್ಕೊಳ್ಳಿ" ಎಂದು ಕೋಣೆಗೆ ಹೋದಳು.

ಬೈದಿದ್ದರೆ ಒಳ್ಳೆಯದಿತ್ತು. ನಾನು ತಪ್ಪು ಹೇಳಿದೆನೇ? ಸಮುದ್ರರಾಜನನ್ನೇ ಕರೆಸಿ ಬೇಕಾದರೂ ಸಾಬೀತು ಮಾಡುತ್ತೇನೆ.

ಮಾರ್ಚ್ 18, ಮಂಗಳವಾರ

ಅವಳು ಹಾಲಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಬಾಗಿಲು ತೆರೆದವಳು ಗೋಡೆಗೆ ಅಂಟಿಕೊಂಡು ನೇರವಾಗಿ ಕೋಣೆಗೆ. ಬೀಗದ ಸದ್ದಾದ ಕೂಡಲೇ ಮೀನುಗಳೆಲ್ಲ ಮುಂದಿನ ಗಾಜಿಗೆ ಬಂದು ಸಾಲು ನಿಲ್ಲುತ್ತವೆ. ಅವಳು ದಾಟಿಹೋದ ಮೇಲೂ ನಿಂತೇ ಇರುತ್ತವೆ. ನಾನು ಒಂದು ಚಿಟಿಕೆ ಹಾಕುತ್ತೇನೆ, ತಿಂದು ಹೋಗುತ್ತವೆ. ಬೆರಳು ಇಳಿಬಿಟ್ಟು ನೋಡಿದೆ. ಯಜಮಾನಿ ದೂರದಿಂದಲೇ ನೋಡಿ ತಿರುಗಿಕೊಂಡಳು. ಈ ಮನೆಯ ಹೆಂಗಸರಿಗೆಲ್ಲ ಒಂದೇ ಚಾಳಿ.

ಪಾಚಿ ತಿನ್ನುತ್ತವೆಂದು ಸಮುದ್ರರಾಜ ಬಸವನಹುಳುಗಳನ್ನು ಕಳಿಸಿಕೊಟ್ಟ. ಉದ್ದ ಕೂದಲನ್ನು ಅವು ಮೂಸಿಯೂ ನೋಡುವುದಿಲ್ಲ, ಚಿಗುರು ಮಾತ್ರ ಬೇಕಂತೆ. ಮೇಲಾಗಿ ಕಲ್ಲಿನಿಂದ ಜಾರಿ ಮರಳಿನ ಮೇಲೆ ಅಂಗಾತ ಬೀಳುತ್ತವೆ, ತಾವಾಗಿ ಮಗುಚಿಕೊಳ್ಳಲಾರವು. ಇಡೀ ದಿನ ಉದ್ದ ಕೋಲು ಹಿಡಿದು ಹುಳುಗಳನ್ನು ನೆಟ್ಟಗೆ ಮಾಡುವುದೇ ನನ್ನ ಉದ್ಯೋಗ.

ಕಾಲೊಳಗೆ ತುರಿಕೆ. ಪ್ಲಾಸ್ಟರಿನೊಳಗೆ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಂಡೆ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ಲಿಫ್ಟು ಕಿರುಚುತ್ತಲೇ ಇದೆ.

ಮಾರ್ಚ್ 22, ಶನಿವಾರ

ಊಟ ಕಡಿಮೆ ಮಾಡಿದರೂ ಪಾಚಿ ಜಗ್ಗುತ್ತಿಲ್ಲ. ಸಮುದ್ರರಾಜನಿಗೆ ಫೋನ್ ಮಾಡಿ ದಬಾಯಿಸಿದೆ. ತಿಂಗಳುಗಟ್ಟಲೆ ಕಲ್ಲಿನೊಳಗೆ ಇಳಿದದ್ದು ನಿಧಾನವಾಗಿಯೇ ಹೊರಗೆ ಬರಬೇಕು, ಕೈಯಿಂದ ಕಿತ್ತು ತೆಗೆಯಿರಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ, ಕಾಯಿರಿ ಎಂದ. ಕಾಯಿರಿ! ಕಾಲು ಮುರಿದ ದಿನದಿಂದ ಎಲ್ಲರ ಬಾಯಲ್ಲೂ ಇದೊಂದೇ ಮಾತು.

ಪಾಚಿ ಕೊಲ್ಲುವ ಔಷಧಿ ಬರುತ್ತದಲ್ಲ ಎಂದು ಕೇಳಿದೆ. ಬರುತ್ತದೆ, ಆದರೆ ಬೇಡ ಎಂದ. ಹಾಕಲೇಬೇಕೆಂದರೆ ಮೊದಲು ಆದಷ್ಟು ಕಿತ್ತು ತೆಗೆದು, ಬಾಟಲಿಯ ಮೇಲೆ ಬರೆದದ್ದರ ಕಾಲು ಭಾಗ ಮಾತ್ರ ಹಾಕಬೇಕಂತೆ. ಎಲ್ಲ ಒಟ್ಟಿಗೆ ಸತ್ತರೆ ನೀರು ಕೊಳೆತು ಮೀನಿಗೆ ಉಸಿರಿಲ್ಲದಂತಾಗುತ್ತದೆ ಎಂದು ಹೆದರಿಸಿದ. ಯಾವ ಅಂಗಡಿಯವನು ಹೆದರಿಸುವುದಿಲ್ಲ? ಅವನ ಹತ್ತಿರ ಕೊಳ್ಳದೆ ಬಡಕಲನಿಗೆ ಬೇರೆ ಕಡೆಯಿಂದ ತರಲು ಹೇಳಿದ್ದೇನೆ.

ಅವಳು ಒಂದು ಸಂಜೆ ಬಾಗಿಲು ತೆರೆದರೆ ತೊಟ್ಟಿ ಭಾವನ ಕಾಲದ ಹಾಗೆ ಹೊಳೆಯುತ್ತಿರಬೇಕು. ಆಗ ನೋಡೋಣ, ಗೋಡೆಗೆ ಅಂಟಿಕೊಂಡು ಹೇಗೆ ಹೋಗುತ್ತಾಳೆ ಎಂದು.

ಮಾರ್ಚ್ 25, ಮಂಗಳವಾರ

ಯಜಮಾನಿ ಸತ್ತಳು. ಇವತ್ತು ಬರೆಯಲು ಆಗುವುದಿಲ್ಲ.

ಮಾರ್ಚ್ 27, ಗುರುವಾರ

ಬರೆಯಬೇಕು. ಬರೆಯದಿದ್ದರೆ ಎದೆಯೊಳಗಿನದು ಇಳಿಯುವಂತಿಲ್ಲ.

ಸೋಮವಾರ, ಬಡಕಲ ತಂದುಕೊಟ್ಟ ಔಷಧಿಯನ್ನು ಬಾಟಲಿಯಲ್ಲಿ ಬರೆದಷ್ಟೂ ಹಾಕಿದೆ. ಕಾಲು ಭಾಗವಲ್ಲ, ಅಷ್ಟೂ. ಕಿತ್ತು ತೆಗೆಯುವ ಗೋಜಿಗೂ ಹೋಗಲಿಲ್ಲ. ಮಂಗಳವಾರ ಬೆಳಗ್ಗೆ ಪಾಚಿ ಬಿಳಿಚಿಕೊಂಡಿತ್ತು. ಕುಣಿಯಲು ಕಾಲಿರಲಿಲ್ಲ, ಇಲ್ಲದಿದ್ದರೆ ಕುಣಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ವಾಸನೆ. ಕಣ್ಣೆತ್ತಿ ನೋಡಿದರೆ ನೀರು ಹಾಲು ಬೆರೆಸಿದಂತೆ ಮಂಕಾಗಿದೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಹಳದಿ ತಟ್ಟೆ ಒಂದು ಪಕ್ಕಕ್ಕೆ ವಾಲಿತ್ತು.

ಸಮುದ್ರರಾಜನಿಗೆ ಫೋನ್ ಮಾಡಿದೆ. ಬೈಯಲಿಲ್ಲ. ಅಂಗಡಿ ಬಿಟ್ಟು ಈಗ ಬರಲಾಗುವುದಿಲ್ಲ, ಹೇಳಿದಂತೆ ಮಾಡಿ ಎಂದ. ಪಂಪಿನ ಬಾಯಿ ಮೇಲಕ್ಕೆ ತಿರುಗಿಸಿ ನೀರನ್ನು ಕಲಕಿ, ಸತ್ತ ಪಾಚಿಯನ್ನು ಎಳೆದು ತೆಗೆಯಿರಿ, ಹೊಸ ಉಪ್ಪುನೀರು ಹಾಕಿ, ಬೇಗ. ಪಂಪು ತಿರುಗಿಸಿದೆ. ಬೆರೆಸಿಟ್ಟ ನೀರು ಬಾಲ್ಕನಿಯ ಡ್ರಮ್ಮಿನಲ್ಲಿತ್ತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಕೆಟ್ಟು. ಹೊಸ್ತಿಲಲ್ಲಿ ಬಕೆಟ್ಟು ಮಗುಚಿತು, ಅದರ ಹಿಂದೆ ನಾನೂ. ಉಪ್ಪುನೀರಿನಲ್ಲಿ ಕೂತುಕೊಂಡು, ಇಷ್ಟು ವರ್ಷ ಕರೆಂಟು ಹೋದಾಗ ತುಂಬಿದ ಲಿಫ್ಟನ್ನು ಕೈಯಲ್ಲೇ ಚಕ್ರ ತಿರುಗಿಸಿ ಮೇಲೆತ್ತಿದವನು, ಒಂದು ಬಕೆಟ್ಟು ನೀರು ಎತ್ತಲಾರದೆ ಕೂತುಕೊಂಡು, ಹೆಂಡತಿಗೆ ಫೋನ್ ಮಾಡಿದೆ. ಅವಳು ಕೆಲಸದಲ್ಲಿರುವಾಗ ನಾನು ಫೋನ್ ಮಾಡುವವನಲ್ಲ. ಬೇಗ ಬಾ ಎಂದೆ.

ಅವಳು ಮೆಟ್ಟಿಲು ಹತ್ತಿಯೇ ಓಡಿಬಂದಿದ್ದಳು. ಅಂಗಡಿಯ ಏಪ್ರನ್ ಮೈಮೇಲೇ ಇತ್ತು, ತೋಳಿಗೆಲ್ಲ ಗಾಜಿನ ಪುಡಿ. ಮೊದಲು ನನ್ನ ಕಾಲು ನೋಡಿದಳು, ನನ್ನ ತಲೆ ಮುಟ್ಟಿ ನೋಡಿದಳು. ಆಮೇಲೆ ತೊಟ್ಟಿ. ನಾನು ಬಾಟಲಿಯ ಕಡೆ ಕೈ ತೋರಿಸಿದೆ. ಏಪ್ರನ್ ಬಿಚ್ಚೆಸೆದು ಬಕೆಟ್ಟು ಹಿಡಿದಳು.

ನಾನು ಸ್ಟೂಲಿನ ಮೇಲೆ ಕೂತು ಕೊಳವೆ ಹಿಡಿದು ಕೊಳೆತದ್ದನ್ನು ಎಳೆದೆ, ಅವಳು ಹೊತ್ತು ಚೆಲ್ಲಿದಳು, ಹೊತ್ತು ತಂದಳು. ಬಾಲ್ಕನಿಯ ನೀರು ತಣ್ಣಗಿದೆಯೇ ಎಂದು ಪ್ರತಿ ಸಲವೂ ಮೊಣಕೈ ಅದ್ದಿ ನೋಡಿ, ಬೇಕಾದರೆ ಹೀಟರ್ ಇಟ್ಟು, ಆಮೇಲೆ ಸುರಿಯುತ್ತಿದ್ದಳು. ಅದನ್ನೆಲ್ಲ ಎಲ್ಲಿ ಕಲಿತಳೋ. ಸಂಜೆಯ ಹೊತ್ತಿಗೆ ಹಳದಿ ತಟ್ಟೆ ನೆಟ್ಟಗಾಯಿತು. ಮರಳಿನೊಳಗೆ ಹುದುಗುವ ಸಣ್ಣ ಮೀನು ಹೊರಗೆ ಇಣುಕಿತು. ಯಜಮಾನಿ ಮಾತ್ರ ಸುತ್ತಿಗೆ ಹವಳದ ಬುಡದಲ್ಲಿ ಅಡ್ಡ ಬಿದ್ದಿದ್ದಳು, ಅವಳ ಗಂಡ ಮೂತಿಯಿಂದ ನೂಕುತ್ತಿದ್ದ. ನನ್ನ ಹೆಂಡತಿ ಕೈ ಇಳಿಬಿಟ್ಟು ಯಜಮಾನಿಯನ್ನು ಎತ್ತಿಕೊಂಡಳು. ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಳು.

ನಿನ್ನೆ ಅವಳು ಕೆಲಸಕ್ಕೆ ಹೋಗಲಿಲ್ಲ. ನಾವಿಬ್ಬರೂ ಹಾಲಿನ ನೆಲದ ಮೇಲೇ ಇದ್ದೆವು, ಸುತ್ತಲೂ ಒದ್ದೆ ಬಟ್ಟೆ, ಬಕೆಟ್ಟು. ತಪ್ಪಾಯಿತು ಎಂದೆ. ಅವಳು ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ತಾನಾಗಿ ಮಾತು ತೆಗೆದಳು.

"ಕೊನೇಲಿ ಅಣ್ಣ ಏನೂ ತಿಂತಿರ್ಲಿಲ್ಲ ರೀ. ಸೂಪು ಮಾಡ್ಕೊಂಡು ಹೋಗ್ತಿದ್ದೆ. ಚಮಚ ಹತ್ರ ತಂದ್ರೆ ಮುಖ ಆ ಕಡೆ ತಿರುಗಿಸ್ಕೊಳ್ಳೋನು. ನನ್ ಮೇಲೆ ಕೋಪ ಏನಿಲ್ಲ, ಆಗ್ತಿರ್ಲಿಲ್ಲ ಅಷ್ಟೇ. ಚಮಚ ಹಿಡ್ಕೊಂಡು ಹಂಗೇ ನಿಂತಿರ್ತಿದ್ದೆ. ಸೂಪು ಆರೋಗೋದು."

ನನಗೆ ಇದು ಗೊತ್ತಿರಲಿಲ್ಲ. ಅವಳು ದಿನವೂ ಆಸ್ಪತ್ರೆಗೆ ಹೋಗಿಬರುತ್ತಿದ್ದದ್ದು ಗೊತ್ತಿತ್ತು, ಭಾವ ಹೇಗಿದ್ದಾರೆ ಎಂದು ದಿನವೂ ಕೇಳುತ್ತಿದ್ದೆ, ಹಾಗೇ ಇದ್ದಾರೆ ಎನ್ನುತ್ತಿದ್ದಳು.

"ಇವು ತಿಂತವೆ" ಎಂದಳು. "ಕೈ ಇಟ್ರೆ ಸಾಕು, ಓಡ್ಬರ್ತವೆ. ಜಾಸ್ತಿ ಆಗ್ತಿದೆ ಅಂತ ನಂಗೂ ಗೊತ್ತಿತ್ತು. ನಿಲ್ಸಕ್ಕೆ ಆಗ್ತಿರ್ಲಿಲ್ಲ."

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವು ಸರಿ ಮಾಡಕ್ಕೆ ಹೊರಡ್ತಿದ್ರಿ."

ನನ್ನ ಬಾಯಲ್ಲಿ ಅದೇ ತಾನೇ ಒಂದು ಉಪಾಯ ಸಿದ್ಧವಾಗಿ ನಿಂತಿತ್ತು. ಚೌಕವನ್ನು ಎಷ್ಟು ತುಂಡು ಮಾಡಬೇಕು, ಯಾವ ಯಾವ ದಿನ ಹಾಕಬೇಕು ಎಂದು. ನುಂಗಿಕೊಂಡೆ. ನೆಲ ಒರೆಸುವ ಬಟ್ಟೆ ಹಿಂಡಿದೆ, ಮತ್ತೆ ಹಿಂಡಿದೆ. ಅದರಲ್ಲಿ ನೀರು ಉಳಿದಿರಲಿಲ್ಲ.

ಮಾರ್ಚ್ 30, ಭಾನುವಾರ

ಸಮುದ್ರರಾಜ ಬಂದ. ನಳಿಗೆ ಕುಲುಕಿದ. ನೀರು ಪರವಾಗಿಲ್ಲ ಎಂದ. ಸುತ್ತಿಗೆ ಹವಳದ ಒಂದು ಕವಲು ಸತ್ತು ಬಿಳಿಯ ಎಲುಬಾಗಿದೆ, ಉಳಿದವು ಬದುಕಬಹುದು, ಹೇಳಲಾಗುವುದಿಲ್ಲ. ಪಾಚಿ ಅರ್ಧ ಹೋಗಿದೆ, ಅರ್ಧ ಹಾಗೇ ಇದೆ. ಇಷ್ಟೆಲ್ಲ ಅನಾಹುತದಲ್ಲಿ ಆ ಉಳಿದರ್ಧಕ್ಕೆ ಮಾತ್ರ ಏನೂ ಆಗಿಲ್ಲ.

ಯಜಮಾನಿಯ ಗಂಡ ಕಲ್ಲಿನ ಹಿಂದೆ ಸೇರಿಕೊಂಡವನು ಹೊರಗೆ ಬರುತ್ತಿಲ್ಲ. ಈ ಜಾತಿಯ ಮೀನಿನಲ್ಲಿ ಹೆಣ್ಣು ಸತ್ತರೆ ಗಂಡೇ ಕ್ರಮೇಣ ಹೆಣ್ಣಾಗುತ್ತದೆ ಎಂದು ಸಮುದ್ರರಾಜ ಹೇಳಿದ. ಇನ್ನು ಮೇಲೆ ಇವನೇ ಯಜಮಾನಿ, ಒಂದು ಚಿಕ್ಕ ಗಂಡು ತಂದುಬಿಟ್ಟರೆ ಸಂಸಾರ ಸರಿಹೋಗುತ್ತದೆ, ತನ್ನ ಬಳಿ ಇದೆ ಎಂದ. ನನ್ನ ಹೆಂಡತಿ, ಈಗ ಬೇಡ, ಅವನು ಮೊದಲು ತಿನ್ನಲಿ ಎಂದಳು.

ಊಟ ಯಾರು ಹಾಕುತ್ತೀರಿ ಎಂದು ಅವನು ನನ್ನ ಕಡೆ ನೋಡಿ ಕೇಳಿದ. ಅವಳೇ ಎಂದೆ.

ಅವಳು ಚೌಕವನ್ನು ಚಹಾ ಸೋಸುವ ಜರಡಿಯಲ್ಲಿ ಕರಗಿಸಿ, ಜಿಡ್ಡು ನೀರೆಲ್ಲ ಹೋಗುವಂತೆ ತೊಳೆದು, ಅರ್ಧವನ್ನು ಮಾತ್ರ ಬೆರಳಲ್ಲಿ ಹಿಡಿದು ಹೋದಳು. ಒಂದು ಚೂರು ಬಿಟ್ಟು ಅದು ಬಾಯಿಗೆ ಹೋಗುವ ತನಕ ಕಾದು, ಆಮೇಲೆ ಇನ್ನೊಂದು. ಕಲ್ಲಿನ ಸಂದಿಗೆ ಒಂದೂ ಬೀಳಲಿಲ್ಲ. ಮುಗಿಯುವ ಹೊತ್ತಿಗೆ ಸಮುದ್ರರಾಜ ಒಂದು ಲೋಟ ಚಹಾ ಕುಡಿದು ಎರಡನೆಯದಕ್ಕೆ ಕೈ ಹಾಕಿದ್ದ. ಜರಡಿಯಲ್ಲಿ ಉಳಿದರ್ಧವನ್ನು ಅವಳು ನೋಡುತ್ತಾ ನಿಂತಳು. ಅವಳೇ ಅದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಳು.

ಏಪ್ರಿಲ್ 3, ಗುರುವಾರ

ತಿಂದ. ಕಲ್ಲಿನ ಹಿಂದಿನಿಂದ ಬಂದು, ಅವಳು ಹೇಳಿಹೋದಂತೆ ನಾನು ಬಿಟ್ಟ ಒಂದೇ ಚೂರು ತಿಂದು ಓಡಿಹೋದ. ಅವಳು ಅಂಗಡಿಯಲ್ಲಿದ್ದಳು, ಫೋನ್ ಮಾಡಿ ಹೇಳಿದೆ.

ಏಪ್ರಿಲ್ 8, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕಾಲು ಬಡಕಲನ ಕೈಯಷ್ಟು ಸಣ್ಣಗಾಗಿದೆ. ಇನ್ನೆರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ಹೆಂಡತಿ ಜೊತೆಗಿದ್ದಳು, ನನಗಿಂತ ಹೆಚ್ಚು ಪ್ರಶ್ನೆ ಅವಳೇ ಕೇಳಿದಳು.

ಸಂಜೆ ಹೊತ್ತು ಇಬ್ಬರೂ ಪಾಚಿ ಕೀಳುತ್ತೇವೆ. ಕನ್ನಡಕಕ್ಕೆ ಸಣ್ಣ ಸ್ಕ್ರೂ ಕೂರಿಸುವ ಚಿಮಟವಿದೆಯಲ್ಲ, ಅಂಥದೇ ಉದ್ದನೆಯದೊಂದನ್ನು ಎಲ್ಲಿಂದಲೋ ತಂದಿದ್ದಾಳೆ. ಅವಳು ಒಂದೊಂದೇ ಎಳೆಯನ್ನು ಬುಡದಿಂದ ಕಿತ್ತರೆ ನಾನು ಕೊಳವೆಯ ಬಾಯನ್ನು ಪಕ್ಕದಲ್ಲೇ ಹಿಡಿದಿರಬೇಕು, ತೇಲಿಹೋಗದಂತೆ ಎಳೆದುಕೊಳ್ಳಬೇಕು. ಒಂದು ಸಂಜೆಗೆ ಅಂಗೈಯಗಲದ ಕಲ್ಲು. ಹೆಚ್ಚು ಮಾಡಿದರೆ ಹವಳ ಹೆದರುತ್ತದೆ. ಮೊದಲೆರಡು ದಿನ ನನಗೆ ಬೆವರು ಬಂತು. ಇಡೀ ಗುಡ್ಡ ಕಣ್ಣೆದುರಿಗಿದ್ದಾಗ ಅಂಗೈಯಗಲ! ಹಲ್ಲು ಕಚ್ಚಿಕೊಂಡು ಹಿಡಿದೆ.

ಕೀಳುತ್ತಾ ಭಾವನ ಸುದ್ದಿ ಹೇಳುತ್ತಾಳೆ. ಬೆಳಗ್ಗೆ ತೊಟ್ಟಿಗೆ ಕೈ ಹಾಕಿ, ಹಾಗೇ ಶಾಲೆಗೆ ಓಡಿ, ಒಂದು ತೋಳು ಒದ್ದೆಯಾಗಿ ಇನ್ನೊಂದು ಒಣಗಿದ ಅಂಗಿಯಲ್ಲೇ ಪಾಠ ಮಾಡುತ್ತಿದ್ದರಂತೆ. ಮಕ್ಕಳು ಅವರಿಗೆ ಅರ್ಧಮಳೆ ಎಂದು ಹೆಸರಿಟ್ಟಿದ್ದರಂತೆ. ಇದನ್ನು ಹೇಳಿ ಅವಳು ಅತ್ತಳು. ನಾನು ಕೊಳವೆ ಹಿಡಿದುಕೊಂಡೇ ಇದ್ದೆ. ಅವಳು ಮೂಗೊರೆಸಿಕೊಂಡು ಮತ್ತೆ ಚಿಮಟ ಹಿಡಿದಳು.

ಏಪ್ರಿಲ್ 17, ಗುರುವಾರ

ಬೆಳಗ್ಗೆ ನೋಡಿದರೆ, ಹಿಂದಿನ ಗಾಜಿನ ಮೇಲೂ ಪಾಚಿ ಕಿತ್ತ ಕಲ್ಲಿನ ಮೇಲೂ ಸಣ್ಣ ಸಣ್ಣ ಗುಲಾಬಿ ಚುಕ್ಕೆ. ಹೊಸ ರೋಗ ಎಂದುಕೊಂಡೆ. ಬ್ಲೇಡು ಕೈಯಲ್ಲಿತ್ತು. ಕೆರೆಯುವ ಮುಂಚೆ ಒಂದು ಸಲ ಕೇಳೋಣ ಎನಿಸಿ ಸಮುದ್ರರಾಜನಿಗೆ ಫೋಟೋ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿ, ಅದನ್ನು ಮುಟ್ಟಬೇಡಿ ಮಹಾರಾಯರೇ ಎಂದ. ಅದೂ ಒಂದು ಬಗೆಯ ಪಾಚಿಯೇ, ಆದರೆ ಕಲ್ಲಿನಂತೆ ಗಟ್ಟಿಯಾದದ್ದು, ನೀರು ನೆಲೆಗೊಂಡಾಗ ತಾನಾಗಿ ಬರುವಂಥದ್ದು. ಅದು ಹರಡಿದ ಕಡೆ ಹಸಿರಿಗೆ ಜಾಗವಿರುವುದಿಲ್ಲ. ಪೂರ್ತಿ ಹರಡಲು ಎಷ್ಟು ದಿನ ಬೇಕು ಎಂದು ಕೇಳಿದೆ. ತಿಂಗಳುಗಳು ಎಂದ. ಸರಿ ಎಂದೆ.

ಕಂಪನಿಯಿಂದ ಕರೆ ಬಂದಿತ್ತು, ಸೋಮವಾರದಿಂದ ಬರಬಹುದೇ ಎಂದು. ಕಾಲು ಇನ್ನೂ ಜುಮುಗುಡುತ್ತಿದೆ, ಒಂದು ವಾರ ಕೊಡಿ ಎಂದೆ. ಬಡಕಲ ಆಮೇಲೆ ಫೋನ್ ಮಾಡಿ, ಹುಷಾರಾಗಿದ್ದೀಯ ತಾನೇ ಎಂದು ವಿಚಾರಿಸಿದ. ಕಾಲಿಗೇನೂ ಆಗಿಲ್ಲ. ಸೋಮವಾರ ನೀರು ಬದಲಿಸುವ ದಿನ, ಅವಳೊಬ್ಬಳೇ ಬಕೆಟ್ಟು ಹೊರುವುದು ಸರಿಯಲ್ಲ, ಅದಕ್ಕೆ.

ಏಪ್ರಿಲ್ 26, ಶನಿವಾರ

ನಾಡಿದ್ದಿನಿಂದ ಕೆಲಸ. ಬೂಟು ತೆಗೆದು ಒರೆಸಿಟ್ಟಿದ್ದೇನೆ.

ಪಾಚಿ ಪೂರ್ತಿ ಹೋಗಿಲ್ಲ. ಎಡಗಡೆಯ ದೊಡ್ಡ ಕಲ್ಲಿನ ಹಿಂದೆ ಒಂದು ಜೊಂಪೆ ಹಾಗೇ ಇದೆ, ಹಳದಿ ತಟ್ಟೆ ಆಗಾಗ ಹೋಗಿ ಕಚ್ಚಿ ತಿನ್ನುತ್ತದೆ. ಅದಕ್ಕೂ ಏನಾದರೂ ಬೇಕಲ್ಲ. ಸುತ್ತಿಗೆ ಹವಳ ಇವತ್ತು ಉಳಿದ ಬೆರಳುಗಳನ್ನೆಲ್ಲ ಹೊರಗೆ ಬಿಟ್ಟಿತ್ತು. ಒಳಗಿನ ಅಲೆ ಬಂದಾಗ ಎಲ್ಲವೂ ಒಂದೇ ಕಡೆ ಬಾಗಿ, ಹೋದಾಗ ಮತ್ತೆ ಏಳುತ್ತವೆ. ಸತ್ತ ಕವಲಿನ ಮೇಲೆ ಗುಲಾಬಿ ಪಾಚಿ ಹತ್ತಿಕೊಂಡಿದೆ. ಬಿಳಿ ಪಟ್ಟೆಯವನು ಅದರ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾನೆ.

ಅವಳು ಬಾಗಿಲು ತೆರೆದದ್ದು ನನಗೆ ಕೇಳಿಸಲಿಲ್ಲ. ಚೀಲ ಹೆಗಲಿನಲ್ಲೇ ಇತ್ತು. ಹಿಂದೆ ಬಂದು ನಿಂತು, ಕೆಳಗೆ ಕೂತಿದ್ದ ನನ್ನ ಕೈ ನೋಡಿದಳು. ಬ್ರಷ್ಷಾಗಲೀ ಬ್ಲೇಡಾಗಲೀ ಕೊಳವೆಯಾಗಲೀ ಇರಲಿಲ್ಲ.

"ಏನ್ಮಾಡ್ತಿದ್ದೀರಿ?" ಎಂದಳು.

"ಏನಿಲ್ಲ, ಸುಮ್ನೆ ಕೂತಿದ್ದೀನಿ" ಎಂದೆ.

"ನೀವಾ?"

ಅಷ್ಟು ಹೇಳಿ ನಗಲು ಶುರು ಮಾಡಿದಳು. ಚೀಲ ಕೆಳಗಿಟ್ಟು, ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು, ಕೂತ ಮೇಲೂ ಒಂದೆರಡು ಸಲ ನಗು ಉಕ್ಕಿತು. ಅದರಲ್ಲಿ ನಗುವಂಥದ್ದು ಏನಿತ್ತೋ, ನನಗೆ ಇನ್ನೂ ತಿಳಿದಿಲ್ಲ.